ಹಣ ತೆಗೆಯುವ ಚೀಟಿ

ಇವತ್ತು ಕಲಬುರಗಿಯ ಬ್ಯಾಂಕೊಂದರಲ್ಲಿ ಸಾಲಿನಲ್ಲಿ ನಿಂತಿದ್ದೆ. ಪಕ್ಕದಲ್ಲಿ ಒಬ್ಬ ಹುಡುಗಿ, ಅಜ್ಜಿಯ ಪಿಂಚಣಿ ತೆಗೆಯಲು ಬಂದಿದ್ದಳು. "ಅಕ್ಕಾರ, ಇಲ್ಲಿ 'ಅಕ್ಷರಗಳಲ್ಲಿ' ಅಂತ ಅದಲ್ರೀ, ಏನ್ ಬರೀಬೇಕ್ರೀ?" ಅಂತ ಮೆಲ್ಲಗೆ ಕೇಳಿದಳು. ತಪ್ಪಾದ ಎರಡು ಚೀಟಿ ಆಗಲೇ ಅವಳ ಮುಷ್ಟಿಯಲ್ಲಿ ಮುದ್ದೆಯಾಗಿದ್ದವು. ಈ ವರ್ಷ ಎಸ್ಸೆಸ್ಸೆಲ್ಸಿ ಪಾಸಾಗಿದ್ದಾಳೆ, ಗಣಿತದಲ್ಲಿ 88 ಅಂಕ! 'ಎರಡು ಸಾವಿರದ ಐದು ನೂರು ರೂಪಾಯಿ ಮಾತ್ರ' ಅಂತ ಇಬ್ಬರೂ ಸೇರಿ ಬರೆದೆವು. ಅಜ್ಜಿ ಹೆಬ್ಬೆಟ್ಟು ಒತ್ತಿ, ನೀಲಿ ಇಂಕನ್ನು ಸೆರಗಿಗೇ ಒರೆಸಿಕೊಂಡರು.

ಆ ಹುಡುಗಿಯ ತಪ್ಪೇನೂ ಇಲ್ಲ. ಯಾರೂ ಅವಳ ಕೈಗೆ ಇಂಥದ್ದೊಂದು ಚೀಟಿ ಕೊಟ್ಟೇ ಇರಲಿಲ್ಲ, ಅಷ್ಟೇ.

2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ 6ರಿಂದ 8ನೇ ತರಗತಿಯ ಮಕ್ಕಳಿಗೆ ಬ್ಯಾಗ್ ಇಲ್ಲದ 10 ದಿನ ಅಂತ ಇದೆ. ಬಡಗಿ, ಕುಂಬಾರ, ತೋಟದ ಕೆಲಸದವರ ಹತ್ತಿರ ಕೂತು ಕಲಿಯುವ ದಿನಗಳು. ಒಳ್ಳೆಯ ಯೋಚನೆ, ಆದರೆ 10 ದಿನ ತುಂಬಾ ಕಮ್ಮಿ ಅಲ್ವಾ? ಬೀದರ್‌ನಲ್ಲಿ ಬಿದರಿ ಕುಶಲಕರ್ಮಿಗಳಿದ್ದಾರೆ, ನಮ್ಮಲ್ಲಿ ತೊಗರಿ ಬೇಳೆ ಮಿಲ್‌ಗಳಿವೆ. ಅಂಚೆ ಕಚೇರಿ ಎಲ್ಲ ಕಡೆ ಇದೆ. ಒಟಿಪಿ ಯಾರಿಗೂ ಹೇಳಬಾರದು, ಕರೆಂಟ್ ಬಿಲ್ ಓದುವುದು ಹೇಗೆ, ಸುಟ್ಟ ಗಾಯಕ್ಕೆ ಮೊದಲು ತಣ್ಣೀರು. ಇವೆಲ್ಲ ಸರ್ಕಾರಿ ಶಾಲೆಯಲ್ಲೇ ಸಿಗಬೇಕು. ಹೇಳಿಕೊಡುವವರು ಮನೆಯಲ್ಲಿಲ್ಲದ ಮಕ್ಕಳೇ ಅಲ್ಲಿ ಜಾಸ್ತಿ.

ಬರುವಾಗ ಹತ್ತು ಖಾಲಿ ಚೀಟಿ ಕೇಳಿ ತಂದಿದ್ದೇನೆ. ನಾಳೆ ನಮ್ಮ ಓಣಿಯ ಶಾಲೆಯ ಹೆಡ್‌ಮೇಷ್ಟ್ರನ್ನು ನೋಡಲು ಹೋಗುತ್ತೇನೆ.