ಹಿಂದಿನ ವಚನದಿಂದ ಓದು

ಡಿಸೆಂಬರ್ 31ರ ರಾತ್ರಿ ನಮ್ಮ ಸಭೆಯಲ್ಲಿ ಆರಾಧನೆ ಮುಗಿದ ಮೇಲೆ ಒಂದು ಸ್ಟೀಲ್ ತಟ್ಟೆಯಲ್ಲಿ ಬೈಬಲಿನ ಒಂದೊಂದು ವಚನ ಬರೆದ ವಾಗ್ದಾನದ ಕಾರ್ಡುಗಳನ್ನು ಇಡುತ್ತಾರೆ. ಕಣ್ಣು ಮುಚ್ಚಿ ಒಂದನ್ನು ತೆಗೆದುಕೊಳ್ಳಬೇಕು. ಹೊಸ ವರ್ಷಕ್ಕೆ ಅದೇ ನಮ್ಮ ವಚನ. ಈ ಸಲ ಅವ್ವನ ಕೈಗೆ ಬಂದದ್ದು ಪ್ರವಾದಿ ಯೆರೆಮೀಯನ ಪುಸ್ತಕದ ವಚನ, ಯೆರೆಮೀಯ 29:11.

ಈ ವಚನ ನಿಮಗೂ ಗೊತ್ತಿರುತ್ತದೆ. ಕ್ಯಾಲೆಂಡರ್ ಮೇಲೆ, ಮದುವೆ ಕಾರ್ಡಿನ ಮೇಲೆ, ಆಟೋದ ಹಿಂದೆ ಎಲ್ಲಾ ಕಡೆ ಇರುತ್ತದೆ. ನಿಮ್ಮ ಬಗ್ಗೆ ನಾನು ಯೋಚಿಸಿರುವುದು ಕೇಡನ್ನಲ್ಲ, ಒಳ್ಳೆಯದನ್ನೇ, ನಿಮಗೆ ನಿರೀಕ್ಷೆ ಇರುವ ನಾಳೆಯನ್ನು ಕೊಡುತ್ತೇನೆ ಎಂದು ಕರ್ತನು ಹೇಳುವ ಮಾತು ಅದು.

ಮನೆಗೆ ಬಂದ ಮೇಲೆ ಅವ್ವ ಕಾರ್ಡನ್ನು ನನ್ನ ಕೈಗೆ ಕೊಟ್ಟು, "ಸತ್ಯವೇದ ತಗಿ. ಎಂಟನೇ ವಚನದಿಂದ ಓದು" ಎಂದಳು. ನಾನು ಓದಿದೆ. ನಿಮ್ಮ ನಡುವೆ ಇರುವ ಪ್ರವಾದಿಗಳು ನಿಮ್ಮನ್ನು ಮೋಸಗೊಳಿಸದಂತೆ ನೋಡಿಕೊಳ್ಳಿ, ನಾನು ಅವರನ್ನು ಕಳಿಸಿಲ್ಲ ಎಂದು ಎಂಟು, ಒಂಬತ್ತರಲ್ಲಿದೆ. ಹತ್ತರಲ್ಲಿ 70 ವರ್ಷದ ಮಾತು. ಆಮೇಲೆ ಹನ್ನೊಂದು. ಕಾರ್ಡಿನಲ್ಲಿ ಇದ್ದದ್ದು ಹನ್ನೊಂದು ಮಾತ್ರ.

ಅವ್ವ ಯಾಕೆ ಹೀಗೆ ಓದಿಸುತ್ತಾಳೆ ಎಂದು ನಾನು ಹೇಳಬೇಕು. ತಪ್ಪು ನನ್ನದೇ ಆದ್ದರಿಂದ ನಾನೇ ಹೇಳಬೇಕು.

ನಾಲ್ಕು ವರ್ಷದ ಹಿಂದಿನ ಮಾತು. ಅವ್ವನಿಗೆ ಸಕ್ಕರೆ ಕಾಯಿಲೆ ಜಾಸ್ತಿಯಾಗಿತ್ತು. ಗೆಳೆಯನೊಬ್ಬ ನಮ್ಮನ್ನು ಸ್ವಸ್ಥತೆಯ ಕೂಟವೊಂದಕ್ಕೆ ಕರೆದುಕೊಂಡು ಹೋದ. ದೊಡ್ಡ ಮೈದಾನ, ಶಾಮಿಯಾನ, ಎದೆ ನಡುಗಿಸುವ ಸೌಂಡ್. ಪ್ರಸಂಗ ಮಾಡಿದವರು ಚೆನ್ನಾಗಿ ಮಾತಾಡಿದರು, ಕಣ್ಣೀರು ಹಾಕಿದರು. ಕೊನೆಗೆ ಪ್ರಾರ್ಥನೆ ಮಾಡಿದ ಎಣ್ಣೆ ಎಂದು ಸಣ್ಣ ಬಾಟಲಿ ಕೊಟ್ಟರು. ಕಾಣಿಕೆ ಹಾಕಿ ತಗೊಳ್ಳಬೇಕು. ಬಾಟಲಿಯ ಚೀಟಿಯ ಮೇಲೆ ಯೆರೆಮೀಯ 29:11. ಎಣ್ಣೆ ಹಚ್ಚಿದ ಮೇಲೂ ಮಾತ್ರೆ ನುಂಗಿದರೆ ಅದು ಅವಿಶ್ವಾಸ ಎಂದು ಹೇಳಿದರು.

ಅವ್ವ ಮಾತ್ರೆ ಬಿಟ್ಟಳು. ನಾನೇ ಬಿಡಿಸಿದೆ.

ಅದಕ್ಕಿಂತ ದೊಡ್ಡ ತಪ್ಪು ಮುಂದಿನ ವಾರ ಆಯಿತು. ಎರಡನೇ ಕೂಟದಲ್ಲಿ ಯಾರು ಸ್ವಸ್ಥರಾದಿರಿ, ಮುಂದೆ ಬನ್ನಿ ಎಂದು ಕರೆದರು. ಗೆಳೆಯ ನನ್ನ ಬೆನ್ನು ತಟ್ಟಿದ. ನಾನು ವೇದಿಕೆ ಹತ್ತಿದೆ. ಮೈಕ್ ಕೈಗೆ ಬಂತು. "ನಮ್ಮ ತಾಯಿಗೆ ಶುಗರ್ ಪೂರ್ತಿ ಹೋಗಿದೆ" ಎಂದೆ. ಪರೀಕ್ಷೆ ಮಾಡಿಸಿರಲಿಲ್ಲ. ಅವ್ವ ಲವಲವಿಕೆಯಿಂದ ಇದ್ದಳು, ಅಷ್ಟೇ. ಜನ ಹಲ್ಲೆಲೂಯ ಎಂದು ಕೂಗಿದರು. ಆ ಕೂಗಿನಲ್ಲಿ ನನ್ನ ಮಾತು ನನಗೇ ನಿಜ ಎನಿಸಿತು.

ಐದು ವಾರ ಕಳೆದವು. ಚಪ್ಪಲಿಯ ಬಾರು ತಾಗಿ ಅವ್ವನ ಕಾಲಲ್ಲಿ ಜೋಳದ ಕಾಳಿನಷ್ಟು ಗಾಯ ಆಯಿತು. ಶುಗರ್ ಇದ್ದ ಎಷ್ಟೋ ಜನರ ಪಾದಕ್ಕೆ ನೋವು ಸರಿಯಾಗಿ ಗೊತ್ತಾಗುವುದಿಲ್ಲ. ಅವ್ವನಿಗೂ ಗೊತ್ತಾಗಲಿಲ್ಲ. ನಾನು ಅದರ ಮೇಲೂ ಎಣ್ಣೆ ಹಚ್ಚಿದೆ. ವಾಸನೆ ಬಂದ ಮೇಲೆ ಆಸ್ಪತ್ರೆಗೆ ಓಡಿದೆವು. ಎರಡು ಬೆರಳು ತೆಗೆದರು.

ಆಪರೇಷನ್ ದಿನ ನಮ್ಮ ಸಭಾಪಾಲಕರು ಬಂದಿದ್ದರು. ಅವ್ವ ಅವರನ್ನು ಕೇಳಿದಳು, "ಅಯ್ಯನವರ, ಕಾಲು ಉಳೀತೈತಿ ಅಂತ ದೇವರು ನಿಮಗೇನರ ಹೇಳ್ಯಾನೇನು?" ಅವರು ಹಾಸಿಗೆಯ ಪಕ್ಕ ಸ್ಟೂಲಿನ ಮೇಲೆ ಕೂತು ಅವಳ ಕೈ ಹಿಡಿದುಕೊಂಡರು. "ಉಳೀಲಿ ಅಂತ ನನಗೂ ಭಾಳ ಆಸೆ ಐತವ್ವಾ. ಆದರ ದೇವರು ಹೇಳದ ಮಾತನ್ನ ಹೇಳ್ಯಾನ ಅಂತ ನಾ ಹೆಂಗ ಹೇಳ್ಲಿ?" ಎಂದರು. ಆಮೇಲೆ ರಾತ್ರಿ ಹನ್ನೊಂದರವರೆಗೂ ಅಲ್ಲೇ ಕೂತಿದ್ದರು.

ಈ ಮಾತಿನ ಬೇರು ಯೆರೆಮೀಯ ಪುಸ್ತಕದಲ್ಲೇ ಇದೆ. ಬಾಟಲಿಯ ಮೇಲಿದ್ದ ಅದೇ ಪುಸ್ತಕ, ಒಂದೇ ಅಧ್ಯಾಯ ಹಿಂದೆ. ಕ್ರಿಸ್ತಪೂರ್ವ 597ರಲ್ಲಿ ಬಾಬೆಲಿನ, ಅಂದರೆ ಬ್ಯಾಬಿಲೋನಿನ, ಅರಸ ನೆಬೂಕದ್ನೆಚ್ಚರ ಯೆರೂಸಲೇಮಿನ ಅರಸನನ್ನು, ಜನರನ್ನು, ದೇವಾಲಯದ ಪಾತ್ರೆಗಳನ್ನು ಹೊತ್ತುಕೊಂಡು ಹೋಗಿದ್ದ. ಕೆಲವು ವರ್ಷದ ಮೇಲೆ ಹನನ್ಯ ಎಂಬ ಪ್ರವಾದಿ ದೇವಾಲಯದಲ್ಲಿ ಎಲ್ಲರ ಮುಂದೆ ನಿಂತು, ಎರಡೇ ವರ್ಷ, ಎಲ್ಲರೂ ವಾಪಸ್ ಬರುತ್ತಾರೆ, ಪಾತ್ರೆಗಳೂ ಬರುತ್ತವೆ, ಇದು ಕರ್ತನ ಮಾತು ಎಂದ. ಮಕ್ಕಳನ್ನು ಕಳಕೊಂಡ ತಾಯಂದಿರು ಆ ಗುಂಪಿನಲ್ಲಿ ಇದ್ದಿರಬೇಕಲ್ವಾ? ಅವರಿಗೆ ಆ ಮಾತು ಎಷ್ಟು ಸಿಹಿ ಇದ್ದಿರಬೇಕು!

ಯೆರೆಮೀಯ ಆಗ ಕತ್ತಿನ ಮೇಲೆ ಮರದ ನೊಗ ಹೊತ್ತು ತಿರುಗುತ್ತಿದ್ದ. ಬಾಬೆಲಿನ ನೊಗವನ್ನು ಸದ್ಯಕ್ಕೆ ಹೊರಲೇಬೇಕು ಎಂದು ತೋರಿಸಲು ದೇವರೇ ಹಾಗೆ ಹೇಳಿದ್ದ. ಹನನ್ಯನ ಮಾತು ಕೇಳಿ ಯೆರೆಮೀಯ ಮೊದಲು ಹೇಳಿದ್ದು ಏನು ಗೊತ್ತಾ? ಆಮೆನ್. ಕರ್ತನು ಹಾಗೆಯೇ ಮಾಡಲಿ ಎಂದ.

ನಾನು ಎಷ್ಟೋ ಸಲ ಈ ಆಮೆನ್ ಓದಿ ಮುಂದೆ ಹೋಗಿದ್ದೆ. ಆಸ್ಪತ್ರೆಯಲ್ಲಿ ಕೂತು ಓದಿದಾಗ ಅಲ್ಲೇ ನಿಂತುಬಿಟ್ಟೆ. ಯೆರೆಮೀಯನಿಗೂ ಅದೇ ಬೇಕಿತ್ತು. ಅವನ ಜನ, ಅವನ ಊರು. ಸತ್ಯ ಹೇಳುವವನಿಗೆ ಕರುಳು ಇಲ್ಲ ಎಂದು ನಾವು ಅಂದುಕೊಳ್ಳುತ್ತೇವೆ. ಹಾಗಲ್ಲ. ಆಸೆ ಅವನಿಗೂ ಇರುತ್ತದೆ. ಆದರೆ ತನ್ನ ಆಸೆಗೆ ದೇವರ ರುಜು ತಾನೇ ಹಾಕುವುದಿಲ್ಲ. ಸಮಾಧಾನದ ಪ್ರವಾದನೆ ಹೇಳುವವನ ಮಾತು ನಡೆದಾಗಲೇ ಅವನು ನಿಜವಾಗಿ ದೇವರು ಕಳಿಸಿದವನೆಂದು ಗೊತ್ತಾಗುತ್ತದೆ ಎಂದಷ್ಟೇ ಯೆರೆಮೀಯ ಹೇಳಿದ. ಹನನ್ಯ ಸಿಟ್ಟಿನಿಂದ ಅವನ ಕತ್ತಿನ ನೊಗ ಕಿತ್ತು ಮುರಿದ. ಯೆರೆಮೀಯ ಸುಮ್ನೆ ತನ್ನ ದಾರಿ ಹಿಡಿದು ಹೋದ. ಕರ್ತನಿಂದ ಮಾತು ಬಂದ ಮೇಲೆಯೇ ತಿರುಗಿ ಬಂದು, ನೀನು ಮರದ ನೊಗ ಮುರಿದೆ, ಅದರ ಜಾಗಕ್ಕೆ ಕಬ್ಬಿಣದ ನೊಗ ಬರುತ್ತದೆ ಎಂದ. ಎರಡು ವರ್ಷಕ್ಕೆ ಯಾರೂ ವಾಪಸ್ ಬರಲಿಲ್ಲ. ಮುಂದೆ ಯೆರೂಸಲೇಮೂ ಸುಟ್ಟುಹೋಯಿತು.

ಆಮೇಲೆ 29ನೇ ಅಧ್ಯಾಯದ ಪತ್ರ. ಬಾಬೆಲಿಗೆ ಸೆರೆ ಹೋಗಿದ್ದವರಿಗೆ ಯೆರೆಮೀಯ ಬರೆಯುತ್ತಾನೆ: ಮನೆ ಕಟ್ಟಿ, ತೋಟ ಮಾಡಿ, ಮಕ್ಕಳ ಮದುವೆ ಮಾಡಿ, ನೀವಿರುವ ಊರಿಗೆ ಒಳ್ಳೆಯದಾಗಲಿ ಎಂದು ಪ್ರಾರ್ಥಿಸಿ. 70 ವರ್ಷ ಆಗುತ್ತದೆ. ಪತ್ರ ಓದಿದ ದೊಡ್ಡವರಲ್ಲಿ ಹೆಚ್ಚಿನವರು ಊರು ತಿರುಗಿ ನೋಡುವ ಹಾಗಿರಲಿಲ್ಲ. ಅವರಿಗೇ ದೇವರು ಹನ್ನೊಂದನೇ ವಚನ ಹೇಳಿದ್ದು. ಅದು ನಿಜವಾದ ವಾಗ್ದಾನ. ಅದನ್ನು ಬಾಟಲಿಯ ಎಣ್ಣೆ ಮಾಡಿದವರು ದೇವರ ವಚನಕ್ಕೇ ಅನ್ಯಾಯ ಮಾಡಿದರು. ಅವರ ಜೊತೆ ನಾನೂ ಮಾಡಿದೆ.

ಅವ್ವ ಮನೆಗೆ ಬಂದ ಮೇಲೆ ಲೆಂಟ್, ಅಂದರೆ ಈಸ್ಟರಿಗೆ ಮುಂಚಿನ ಉಪವಾಸದ ಕಾಲ, ಶುರುವಾಯಿತು. ಮೊದಲ ಭಾನುವಾರ ಮತ್ತಾಯ 4ನೇ ಅಧ್ಯಾಯ ಓದಿದರು. ಸೈತಾನ ಯೇಸು ಸ್ವಾಮಿಯನ್ನು ದೇವಾಲಯದ ತುದಿಯಲ್ಲಿ ನಿಲ್ಲಿಸಿ, ಕೆಳಗೆ ಹಾರು ಎನ್ನುತ್ತಾನೆ. ಅದಕ್ಕೆ ಅವನು ತೋರಿಸುವ ಆಧಾರ ಸತ್ಯವೇದದ್ದೇ, 91ನೇ ಕೀರ್ತನೆ. ದೂತರು ನಿನ್ನನ್ನು ಕೈಗಳಲ್ಲಿ ಎತ್ತಿಕೊಳ್ಳುತ್ತಾರೆ ಎಂಬ ಮಾತು. ಮನೆಗೆ ಬಂದು ಕೀರ್ತನೆ ತೆಗೆದು ನೋಡಿದೆ. ನಿನ್ನ ಎಲ್ಲಾ ಮಾರ್ಗಗಳಲ್ಲಿ ಕಾಯುವಂತೆ ಎಂಬ ಭಾಗವನ್ನು ಅವನು ಬಿಟ್ಟಿದ್ದಾನೆ. ದೂತರ ಮಾತು ಮುಗಿದ ಕೂಡಲೇ ನಿಲ್ಲಿಸಿದ್ದಾನೆ. ಅದರ ಮುಂದಿನ ವಚನದಲ್ಲೇ ಸರ್ಪವನ್ನು ತುಳಿಯುವ ಮಾತು ಬರುತ್ತದೆ. 40 ದಿನ ಹಸಿದಿದ್ದ ಸ್ವಾಮಿ ಸೈತಾನನ ಮೂರು ಶೋಧನೆಗೂ ಸತ್ಯವೇದದ ಧರ್ಮೋಪದೇಶಕಾಂಡ ಪುಸ್ತಕದಿಂದಲೇ ಉತ್ತರ ಕೊಟ್ಟರು. ವಚನ ಬಾಯಿಪಾಠ ಇದ್ದ ಮಾತ್ರಕ್ಕೆ ಆದ ಕೆಲಸ ಅಲ್ಲ ಅದು. ವಚನದ ಹಿಂದು ಮುಂದು ಅವರಿಗೆ ಗೊತ್ತಿತ್ತು.

ಪರೀಕ್ಷಿಸಿ ನೋಡುವುದು ಅವಿಶ್ವಾಸ ಎಂದು ನನಗೆ ಆ ಕೂಟದಲ್ಲಿ ಕಲಿಸಿದ್ದರು. ಆದರೆ ಸತ್ಯವೇದದಲ್ಲಿ ಬೆರೋಯ ಊರಿನವರು ಅಪೊಸ್ತಲ ಪೌಲನ ಪ್ರಸಂಗವನ್ನೇ ದಿನಾಲೂ ಶಾಸ್ತ್ರ ತೆಗೆದು, ಇದು ಹೌದೋ ಅಲ್ಲವೋ ಎಂದು ನೋಡುತ್ತಿದ್ದರು. ಅದಕ್ಕೆ ಅವರನ್ನು ಹೊಗಳಿ ಬರೆದಿದೆ. ಆ ಪೌಲನ ಜೊತೆಗಾರ ಲೂಕ ವೈದ್ಯ. ಇನ್ನೊಬ್ಬ ಜೊತೆಗಾರ ತ್ರೊಫಿಮ ಕಾಯಿಲೆ ಬಿದ್ದಾಗ ಪೌಲ ಅವನನ್ನು ಮಿಲೇತದಲ್ಲಿ ಬಿಟ್ಟು ಬರಬೇಕಾಯಿತು, ಅದನ್ನು ಮುಚ್ಚಿಡದೆ ಬರೆದ. ಮಿಷನರಿ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು, ವರ್ಷಗಟ್ಟಲೆ ಕೂತು ಬೈಬಲನ್ನು ಕನ್ನಡಕ್ಕೆ ತಂದರು. ನಮ್ಮವ್ವನಂಥವರು ಸ್ವತಃ ತೆಗೆದು ಓದಿ ನೋಡಲಿ ಎಂದೇ ಅಲ್ವಾ?

ಆ ಲೆಂಟ್‌ನಲ್ಲಿ ನಾನು ಒಂದು ಹೊತ್ತು ಊಟ ಬಿಟ್ಟಿದ್ದೆ. ಅವ್ವ ನೋಡಿದಳು. "ಊಟ ಬಿಟ್ಟಿ, ಬಿಡು. ವೇದಿಕೆ ಮ್ಯಾಲ ಆಡಿದ ಮಾತು ಯಾವಾಗ ತಿರುಗಿ ತಗೋತೀ?" ಎಂದಳು. ಆ ರಾತ್ರಿ ನಿದ್ದೆ ಬರಲಿಲ್ಲ.

ಶುಕ್ರವಾರದ ಮನೆ ಪ್ರಾರ್ಥನೆ ಆ ವಾರ ನಮ್ಮಲ್ಲೇ ಇತ್ತು. ಜಮಖಾನ ಹಾಸಿದೆವು. ಹದಿನೈದು ಜನ ಬಂದಿದ್ದರು. ಹಾಡು ಮುಗಿಯಿತು. ನಾನು ಎದ್ದು ನಿಂತು, "ಅವ್ವನಿಗೆ ಶುಗರ್ ಹೋಗಿದೆ ಅಂತ ನಾನು ಸಾಕ್ಷಿ ಹೇಳಿದ್ದೆ. ಅದು ಸುಳ್ಳು. ದೇವರ ಹೆಸರಲ್ಲಿ ಸುಳ್ಳು ಹೇಳಿದೆ" ಎಂದೆ. ಮುಂದೆ ಮಾತು ಬರಲಿಲ್ಲ. ಫ್ಯಾನಿನ ಸದ್ದು ಮಾತ್ರ ಇತ್ತು.

ಬಾಗಿಲ ಹತ್ತಿರ ಕೂತಿದ್ದ ಅಕ್ಕ ಒಬ್ಬರು ಕೈಚೀಲ ಬಿಚ್ಚಿದರು. ಅದೇ ಬಾಟಲಿ, ಅರ್ಧ ಖಾಲಿ. "ನೀ ಹೇಳಿದ್ದಕ್ಕ ತಗೊಂಡಿದ್ನಿ ತಮ್ಮಾ. ಮನಿಯವರು ಬಿಪಿ ಗುಳಿಗಿ ಬಿಟ್ಟು ಮೂರು ತಿಂಗಳಾತು. ಈಗೇನು ಮಾಡ್ಲಿ?" ಎಂದರು. ಅವರು ಬೈಯಲಿಲ್ಲ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಸೋಮವಾರ ಬೆಳಿಗ್ಗೆ ಆ ಅಕ್ಕನನ್ನೂ ಅವರ ಗಂಡನನ್ನೂ ಕರೆದುಕೊಂಡು ಆಸ್ಪತ್ರೆಗೆ ಹೋದೆ. ಚೀಟಿ ಮಾಡಿಸಿ ಬೆಂಚಿನ ಮೇಲೆ ಕೂತೆವು. ಸರದಿ ಬಂದಾಗ ಹತ್ತೂವರೆ ಆಗಿತ್ತು. ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ, ಗಾಳಿ ಹಾಕಿ ನೋಡಿ, "ಇಷ್ಟು ಇದೆಯಲ್ಲ! ಗುಳಿಗೆ ಬಿಡು ಅಂತ ಯಾರು ಹೇಳಿದ್ರು?" ಎಂದು ಕೇಳಿದರು.

ಅಣ್ಣ ತಲೆ ತಗ್ಗಿಸಿ ಸುಮ್ಮನೆ ಕೂತಿದ್ದರು.

"ನಾನು ಹೇಳಿದ್ದೆ ಡಾಕ್ಟ್ರೇ" ಎಂದೆ.