ಕರಾವಳಿಯಲ್ಲಿ ಮನೆ ಮಾಡುವವರು ಜುಲೈನಲ್ಲಿ ಹೋಗಿ ನೋಡಿ: ಕಾರವಾರದಿಂದ ಕುಂದಾಪುರದವರೆಗೆ ಊರು ಹುಡುಕಿದ ಅನುಭವ

ಡಿಸೆಂಬರ್ ರಜೆಯಲ್ಲಿ ನೋಡಿದರೆ ಕರಾವಳಿಯ ಎಲ್ಲ ಊರೂ ಚೆಂದವೇ. ಗಾಳಿ ತಂಪು, ಕಡಲು ಶಾಂತ, ಬಾವಿ ತುಂಬ ನೀರು, ಸಂಜೆಯಾದರೆ ಎಲ್ಲೋ ಒಂದು ಕಡೆ ಯಕ್ಷಗಾನ. ಸಂಸಾರ ಕಟ್ಟಿಕೊಂಡು ಬಂದು ನೆಲೆಸುವ ಯೋಚನೆ ಇದ್ದರೆ ಇದೆಲ್ಲ ನೋಡಿ ಮನಸ್ಸು ಮಾಡಬೇಡಿ. ಜುಲೈನಲ್ಲಿ ಒಂದು ಸಲ ಹೋಗಿ. ಆಮೇಲೆ ಏಪ್ರಿಲ್ ಕೊನೆಗೆ ಇನ್ನೊಂದು ಸಲ. ಮಳೆ ಹೇಗೆ ಹೊಡೆಯುತ್ತೆ ಅನ್ನೋದು ಮೊದಲನೆಯದರಲ್ಲಿ ಗೊತ್ತಾಗುತ್ತೆ, ಬಾವಿ ಎಂಥದು ಅನ್ನೋದು ಎರಡನೆಯದರಲ್ಲಿ.

ನಾವು ತುಮಕೂರು ಕಡೆಯವರು, ಕೆಲಸಕ್ಕೆ ಅಂತ ಬೆಂಗಳೂರಲ್ಲಿದ್ದವರು. ನಮ್ಮನೆಯವರಿಗೆ ಮನೆಯಿಂದಲೇ ಕೆಲಸ. ಮಗ ನಾಲ್ಕನೇ ಕ್ಲಾಸಿಗೆ ಹೋಗಬೇಕಿತ್ತು. ಅತ್ತೆಗೆ ಸ್ಟೆಂಟ್ ಹಾಕಿದೆ, ಆಗಾಗ ಹೃದಯದ ಡಾಕ್ಟರ್ ಹತ್ತಿರ ಹೋಗಲೇಬೇಕು. ನಿಮ್ಮ ಮನೆಯ ಲೆಕ್ಕ ಬೇರೆ ಇದ್ದರೆ ಊರೂ ಬೇರೆ ಆಗುತ್ತೆ, ಅದಕ್ಕೇ ಇದನ್ನು ಮೊದಲೇ ಹೇಳಿದೆ.

ಹುಡುಕೋಕೆ ಸುಲಭದ ದಾರಿ ಪಂಚಗಂಗಾ ಎಕ್ಸ್‌ಪ್ರೆಸ್. ಸಂಜೆ ಬೆಂಗಳೂರು ಬಿಟ್ಟರೆ ಬೆಳಿಗ್ಗೆ ಕಾರವಾರ. ಅಲ್ಲಿಂದ ಬಸ್ಸು, ಲೋಕಲ್ ರೈಲು ಹಿಡಿದು ಒಂದೊಂದೇ ಊರು ಇಳಿಯುತ್ತಾ ದಕ್ಷಿಣಕ್ಕೆ ಬನ್ನಿ. ಕಾರಲ್ಲಿ ಹೋದರೆ ಊರು ಕಾಣಲ್ಲ, ಹೈವೇ ಕಾಣುತ್ತೆ ಅಷ್ಟೆ. ಬಸ್ ಸ್ಟ್ಯಾಂಡಲ್ಲಿ ಅರ್ಧ ಗಂಟೆ ಕೂತರೆ ಬೇಕಾದಷ್ಟು ವಿಷಯ ತಿಳಿಯುತ್ತೆ. ಒಂದು ಸಣ್ಣ ಮಾತು: ಕೊಂಕಣ ರೈಲ್ವೆ ಸ್ಟೇಷನ್‌ಗಳು ಎಷ್ಟೋ ಕಡೆ ಪೇಟೆಯಿಂದ ದೂರ. ಕಾರವಾರದ್ದು ಶಿರವಾಡದಲ್ಲಿದೆ, ಕುಂದಾಪುರದ್ದು ಮೂಡ್ಲಕಟ್ಟೆಯಲ್ಲಿ. ಬೆಳಗಿನ ಜಾವ ಲಗೇಜು, ಮಗು, ವಯಸ್ಸಾದವರ ಜೊತೆ ಇಳಿಯೋದಾದರೆ ಆಟೋ ಮೊದಲೇ ಹೇಳಿಟ್ಟಿರಿ.

ಕಾರವಾರ ಜಿಲ್ಲಾ ಕೇಂದ್ರ. ಸರ್ಕಾರಿ ಮೆಡಿಕಲ್ ಕಾಲೇಜು ಇದೆ, ಗೋವಾ ಪಕ್ಕದಲ್ಲೇ, ಮಂಗಳೂರು–ಮಡಗಾಂವ್ ವಂದೇ ಭಾರತ್ ನಿಲ್ಲುತ್ತೆ. ಬೀಚಿಗೆ ಮಾರ್ಕೆಟ್ಟಿಂದ ನಡೆದೇ ಹೋಗಬಹುದು. ಆದರೆ ಒಂದು ಕಡೆ ಗುಡ್ಡ, ಒಂದು ಕಡೆ ಕಡಲು, ದಕ್ಷಿಣಕ್ಕೆ ನೌಕಾನೆಲೆ. ಊರು ಬೆಳೆಯೋಕೆ ಜಾಗವೇ ಕಡಿಮೆ. ಬೀದಿಯಲ್ಲಿ ಕೊಂಕಣಿ ಜಾಸ್ತಿ. ನಮಗೆ ಅದು ತೊಂದರೆ ಅನ್ನಿಸಲಿಲ್ಲ, ಆದರೆ ಅತ್ತೆಗೆ ಮಾತಾಡೋಕೆ ಜನ ಬೇಕಿತ್ತು.

ಅಂಕೋಲಾ ಚಿಕ್ಕದು, ಸಮತಟ್ಟು, ಮೇ ತಿಂಗಳಲ್ಲಿ ಕರಿಈಶಾಡು ಮಾವಿನ ಘಮ. ಇಷ್ಟವಾಯಿತು. ಆದರೆ ಅಂಕೋಲಾ ಅಂದರೆ 2024ರ ಜುಲೈ 16 ನೆನಪಾಗದೇ ಇರಲ್ಲ. ಆ ದಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೈವೇ ಮೇಲೆಯೇ ಬಿತ್ತು, ಜನ ಹೋದರು, ರಸ್ತೆ ಎಷ್ಟೋ ದಿನ ಬಂದ್. ಅದೇ ತಿಂಗಳ ಕೊನೆಗೆ ಸಕಲೇಶಪುರ ಘಾಟಿಯ ಎಡಕುಮೇರಿ–ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣು ಜಾರಿ ಬೆಂಗಳೂರು ರೈಲುಗಳೂ ನಿಂತವು. ಆಗಸ್ಟ್ 7ರ ನಸುಕಿನಲ್ಲಿ ಕಾರವಾರದ ಹಳೇ ಕಾಳಿ ಸೇತುವೆ ಬಿತ್ತು. ಹೆದರಿಸೋಕೆ ಹೇಳ್ತಿಲ್ಲ. ಇಡೀ ಕರಾವಳಿಗೆ ಉದ್ದಕ್ಕೆ ಇರೋದು ಒಂದು ಹೈವೇ, ಒಂದು ರೈಲು ಹಳಿ. ಮಿಕ್ಕಿದ್ದೆಲ್ಲ ಘಾಟಿ. ಊರು ಆರಿಸುವಾಗ ಈ ಗೆರೆ ಒಂದು ಕಡೆ ತುಂಡಾದರೆ ಆಸ್ಪತ್ರೆ ಯಾವ ತುಂಡಿನಲ್ಲಿ ಉಳಿಯುತ್ತೆ ಅಂತ ಕೇಳಿಕೊಳ್ಳಿ.

ಕುಮಟಾದಲ್ಲಿ ನಾವು ಇದ್ದೇಬಿಡೋಣ ಅನ್ನುವ ಮಟ್ಟಿಗೆ ಬಂದಿದ್ದೆವು. ಒಳ್ಳೆ ಶಾಲೆ ಕಾಲೇಜು ಇರುವ ಊರು, ಓದಿದ ಜನ, ಮಾರ್ಕೆಟ್ಟು ಅಚ್ಚುಕಟ್ಟು. ಬೇಸಿಗೆಯಲ್ಲಿ ಹೈವೇ ಬದಿಯಲ್ಲಿ ಜಡೆ ಹೆಣೆದು ನೇತು ಹಾಕಿದ ಸಿಹಿ ಈರುಳ್ಳಿ ಕಟ್ಟುಗಳನ್ನು ನೋಡಿದರೆ ಯಾರಿಗಾದರೂ ಗಾಡಿ ನಿಲ್ಲಿಸಬೇಕು ಅನ್ನಿಸುತ್ತೆ. ಅಘನಾಶಿನಿ ಕಡೆ ಹೋದರೆ ಬೆಳಚು ಚಿಪ್ಪು ಆರಿಸುವವರು, ಉಪ್ಪು ನೀರಲ್ಲೇ ಬೆಳೆಯುವ ಕಗ್ಗ ಭತ್ತದ ಗಜನಿ ಗದ್ದೆಗಳು. ಹೊನ್ನಾವರವೂ ಹಾಗೇ, ಶರಾವತಿ ಅಷ್ಟು ಅಗಲವಾಗಿ ಕಡಲು ಸೇರುವುದನ್ನು ಸೇತುವೆ ಮೇಲಿಂದ ನೋಡಿದರೆ ಬಾಡಿಗೆ ಎಷ್ಟಾದರೂ ಪರವಾಗಿಲ್ಲ ಅನ್ನಿಸಿಬಿಡುತ್ತೆ (ನಿಜ ಹೇಳಬೇಕೆಂದರೆ ಬಾಡಿಗೆ ಜಾಸ್ತಿಯೂ ಇಲ್ಲ). ಹೊಳೆ ದಂಡೆಯಲ್ಲಿ ಮನೆ ನೋಡುವವರು ಮಾತ್ರ ಅಣೆಕಟ್ಟೆಯಿಂದ ನೀರು ಬಿಟ್ಟಾಗ ಅಂಗಳದಲ್ಲಿ ಎಲ್ಲಿವರೆಗೆ ಬರುತ್ತೆ ಅಂತ ಅಕ್ಕಪಕ್ಕದ ಮನೆಯವರನ್ನು ಕೇಳಿ. ಬ್ರೋಕರ್‌ನ ಕೇಳಬೇಡಿ.

ಇಲ್ಲಿ ನಮ್ಮನ್ನು ತಡೆದಿದ್ದು ಒಂದೇ ವಿಷಯ, ಆಸ್ಪತ್ರೆ. ಉತ್ತರ ಕನ್ನಡಕ್ಕೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಜನ ವರ್ಷಗಳಿಂದ ಕೇಳುತ್ತಲೇ ಇದ್ದಾರೆ. ಹೃದಯ, ಮಿದುಳು, ದೊಡ್ಡ ಅಪಘಾತ ಅಂದರೆ ಮಣಿಪಾಲ, ಮಂಗಳೂರು, ಇಲ್ಲ ಗೋವಾ, ಹುಬ್ಬಳ್ಳಿ. 2022ರ ಜುಲೈನಲ್ಲಿ ಹೊನ್ನಾವರದಿಂದ ಹೊರಟ ಆಂಬುಲೆನ್ಸ್ ಮಳೆಯಲ್ಲಿ ಬೈಂದೂರಿನ ಶಿರೂರು ಟೋಲ್‌ನಲ್ಲಿ ಜಾರಿ ಅಪ್ಪಳಿಸಿದ್ದನ್ನು ಎಲ್ಲರೂ ಟಿವಿಯಲ್ಲಿ ನೋಡಿದ್ದೇವೆ (ಇದು ಬೇರೆ ಶಿರೂರು, ಅಂಕೋಲಾದ್ದಲ್ಲ). ಮನೆಯಲ್ಲಿ ಎಲ್ಲರೂ ಗಟ್ಟಿಮುಟ್ಟಾಗಿದ್ದು, ಗಂಡ ಹೆಂಡತಿ ಒಂದು ಮಗು ಅಷ್ಟೇ ಇದ್ದರೆ ನಾನು ಕಣ್ಣುಮುಚ್ಚಿ ಕುಮಟಾ ಅನ್ನುತ್ತೇನೆ. ಹಿರಿಯರು ಇದ್ದರೆ ಮಣಿಪಾಲಕ್ಕೆ ಒಂದು ಗಂಟೆಯೊಳಗೆ ಮುಟ್ಟುವ ಕಡೆ ಇರಿ. ಅಲ್ಲಿಗೆ ಪಟ್ಟಿ ತಾನಾಗಿ ಚಿಕ್ಕದಾಗುತ್ತೆ.

ಭಟ್ಕಳ, ಮುರ್ಡೇಶ್ವರ ದಾಟಿಕೊಂಡು ಬಂದೆವು. ಮುರ್ಡೇಶ್ವರದಲ್ಲಿ ವಾರಾಂತ್ಯದ ಜನಜಂಗುಳಿ ನೋಡಿದರೆ ಅದು ಹೋಗಿ ಬರುವ ಊರು, ಇರುವ ಊರಲ್ಲ ಅನ್ನಿಸಿತು. ಬೈಂದೂರು ಶಾಂತ, ಅಗ್ಗ, ಆದರೆ ಸ್ವಲ್ಪ ದೊಡ್ಡ ಕೆಲಸಕ್ಕೆಲ್ಲ ಕುಂದಾಪುರಕ್ಕೇ ಹೋಗಬೇಕು.

ಹಾಗಾಗಿ ಕುಂದಾಪುರ. ಮೂರು ಕಡೆ ನೀರಿರುವ ಊರು. ಉಡುಪಿ ಸುಮಾರು 38 ಕಿಲೋಮೀಟರ್, ನಾಲ್ಕು ಲೇನ್ ರಸ್ತೆ, ಖಾಸಗಿ ಬಸ್ಸು ಒಂದರ ಹಿಂದೆ ಒಂದು. ಶಾಲೆ ವಿಷಯದಲ್ಲಿ ಹೇಳೋದೇ ಬೇಡ, ಎಸ್ಎಸ್ಎಲ್‌ಸಿ, ಪಿಯುಸಿ ರಿಸಲ್ಟ್ ಬಂದಾಗ ಮೊದಲ ಸ್ಥಾನಕ್ಕೆ ಹೆಚ್ಚಾಗಿ ಉಡುಪಿ ಮತ್ತು ದಕ್ಷಿಣ ಕನ್ನಡದ ನಡುವೆಯೇ ಪೈಪೋಟಿ ಇರುತ್ತೆ. ಅದಕ್ಕೇ ಓದಿನ ಒತ್ತಡವೂ ಇದೆ, ಟ್ಯೂಷನ್ನೂ ಇದೆ. ಹಳ್ಳಿ ಕಡೆ ಬಂದರೆ ಮಗು ಆರಾಮಾಗಿರುತ್ತೆ ಅಂದುಕೊಂಡವರು ಗಮನಿಸಿ. ಕನ್ನಡ ಮಾತ್ರ ಬಲ್ಲವರಿಗೆ ಇಲ್ಲಿ ತೊಂದರೆ ಇಲ್ಲ, ತುಳು ನಾಡು ಶುರುವಾಗೋದು ಇನ್ನೂ ಕೆಳಗೆ. ಕುಂದಾಪ್ರ ಕನ್ನಡ ಅತ್ತೆಗೆ ಅರ್ಥವಾಗೋಕೆ ಸ್ವಲ್ಪ ದಿನ ಹಿಡಿಯಿತು. ಮಗ ಮಾತ್ರ ಬೇಗ ಹಿಡಿದುಬಿಟ್ಟ, ಈಗ "ಹ್ವಾಯ್, ನಂಗ್ ಶಾಲಿಗ್ ಹೋಯ್ಕ್" ಅಂತ ನಮ್ಮನ್ನೇ ಆಟ ಆಡಿಸ್ತಾನೆ.

ಮಹಿಳೆಯರಿಗೆ ಒಂದು ಲೆಕ್ಕದ ಮಾತು. ಉತ್ತರ ಕನ್ನಡದಲ್ಲಿ ಸರ್ಕಾರಿ ಬಸ್ಸೇ ಹೆಚ್ಚು, ಶಕ್ತಿ ಯೋಜನೆಯಲ್ಲಿ ಓಡಾಟ ಬಿಟ್ಟಿ. ಉಡುಪಿ ಜಿಲ್ಲೆಗೆ ಬಂದರೆ ಖಾಸಗಿ ಬಸ್ಸುಗಳದ್ದೇ ರಾಜ್ಯ. ಟಿಕೆಟ್ ತೆಗೆಯಲೇಬೇಕು. ದಿನಾ ಓಡಾಡುವವರಿಗೆ ತಿಂಗಳ ಕೊನೆಗೆ ವ್ಯತ್ಯಾಸ ಗೊತ್ತಾಗುತ್ತೆ.

ಇನ್ನು ಮನೆ. ಕಡಲು ಕಾಣುವ ಮನೆ ಬೇಡ. ಇದನ್ನು ನಮಗೆ ಹೇಳಿದ್ದು ಕುಂದಾಪುರದ ಕಡಲಂಚಿನ ಕೋಡಿಯಲ್ಲಿ ಮನೆ ತೋರಿಸಿದ ಯಜಮಾನರೇ! ಅವರ ಮನೆ ಕಿಟಕಿಯ ಕಬ್ಬಿಣದ ಸರಳನ್ನು ಬೆರಳಲ್ಲಿ ಒತ್ತಿ ತೋರಿಸಿದರು, ಕೆಂಪು ಚಕ್ಕೆ ಚಕ್ಕೆಯಾಗಿ ಉದುರಿತು. ಉಪ್ಪು ಗಾಳಿಗೆ ಫ್ರಿಡ್ಜಿನ ಬೆನ್ನು, ಎಸಿಯ ಹೊರಗಿನ ಡಬ್ಬ, ಸ್ಕೂಟರ್ ಎಲ್ಲಕ್ಕೂ ಆಯಸ್ಸು ಕಡಿಮೆ. ಆಮೇಲೆ ಬಾವಿ. ಮರಳು ನೆಲದ ಬಾವಿಗಳು ಏಪ್ರಿಲ್, ಮೇ ಹೊತ್ತಿಗೆ ಎಷ್ಟೋ ಕಡೆ ಉಪ್ಪಾಗುತ್ತವೆ. ಆ ನೀರಲ್ಲಿ ಸೋಪು ನೊರೆ ಬರಲ್ಲ, ಬೇಳೆ ಬೇಯಲ್ಲ. ಮನೆ ನೋಡುವಾಗ ಸಂಕೋಚ ಬಿಟ್ಟು ಒಂದು ಕೊಡಪಾನ ಸೇದಿಸಿ ಕುಡಿದು ನೋಡಿ, ಆದರೆ ಅದೂ ಮಳೆಗಾಲದಲ್ಲಿ ಅಲ್ಲ, ಏಪ್ರಿಲ್‌ನಲ್ಲಿ. ನಾವು ಹೈವೇಯಿಂದ ಪೂರ್ವಕ್ಕೆ, ಕೋಟೇಶ್ವರದ ಒಳಗೆ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ನೆಲದಲ್ಲಿರುವ ಮನೆ ಹಿಡಿದೆವು. ಬಾವಿ ಆಳ, ನೀರು ಸಿಹಿ. ಕಡಲಿಗೆ ಸ್ಕೂಟರ್‌ನಲ್ಲಿ ಹೋಗಿಬಂದರಾಯಿತು, ಅಲ್ವಾ? ಬಾಡಿಗೆ ಬೆಂಗಳೂರಿನ ಅರ್ಧಕ್ಕಿಂತ ಕಡಿಮೆ.

ಮಳೆಗಾಲದಲ್ಲಿ ಮನೆ ನೋಡಿದರೆ ಇನ್ನೊಂದು ಲಾಭ ಇದೆ. ಬಟ್ಟೆ ಎಲ್ಲಿ ಒಣಗುತ್ತೆ ಅನ್ನೋದು ಕಾಣುತ್ತೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಟೆರೇಸಿನ ಹಗ್ಗಕ್ಕೆ ಕೆಲಸವಿಲ್ಲ. ಪಕ್ಕದ ಮನೆ ಅಮ್ಮ ಬಚ್ಚಲಿನ ಹಂಡೆ ಒಲೆಯ ಮೇಲ್ಗಡೆ ಅಡ್ಡಕ್ಕೆ ಗಳ ಕಟ್ಟಿ ಸ್ಕೂಲ್ ಯೂನಿಫಾರ್ಮ್ ಒಣಗಿಸುತ್ತಾರೆ, ಬಟ್ಟೆಗೆ ಒಂಚೂರು ಹೊಗೆ ವಾಸನೆ ಇರುತ್ತೆ, ಶಾಲೆಯಲ್ಲಿ ಎಲ್ಲ ಮಕ್ಕಳದ್ದೂ ಅದೇ ವಾಸನೆ. ಶೀಟ್ ಹಾಕಿದ ಟೆರೇಸ್ ಇದೆಯಾ, ಇಲ್ಲವಾ ಅಂತ ನೋಡದೆ ಅಡ್ವಾನ್ಸ್ ಕೊಡಬೇಡಿ. ಚಪ್ಪಲಿ, ಬೆಲ್ಟು, ಮೆಣಸಿನಕಾಯಿ ಎಲ್ಲಕ್ಕೂ ಬೂಸ್ಟು ಬರುತ್ತೆ, ಡಬ್ಬಿ ಜಾಸ್ತಿ ತಗೊಳ್ಳಿ. ಗಾಳಿಮಳೆಗೆ ತೆಂಗಿನ ಗರಿ ತಂತಿ ಮೇಲೆ ಬಿದ್ದರೆ ಕರೆಂಟು ಗಂಟೆಗಟ್ಟಲೆ ಹೋಗುತ್ತೆ. ಇನ್ವರ್ಟರ್ ಬೇಕೇ ಬೇಕು, ಮನೆಯಿಂದ ಕೆಲಸ ಮಾಡುವವರಿಗೆ ಫೈಬರ್ ಜೊತೆಗೆ ಬೇರೆ ಕಂಪನಿಯ ಮೊಬೈಲ್ ಡೇಟಾನೂ ಇರಲಿ. ಜಿಲ್ಲಾಡಳಿತ ಮಳೆ ರಜೆ ಕೊಡುತ್ತೆ, ಕೆಲವೊಮ್ಮೆ ಬೆಳಿಗ್ಗೆ ಬ್ಯಾಗ್ ಹೆಗಲಿಗೇರಿಸಿದ ಮೇಲೆ ಗೊತ್ತಾಗುತ್ತೆ. ಇಬ್ಬರೂ ಆಫೀಸಿಗೆ ಹೋಗುವವರು ಮಗುವನ್ನು ಆ ದಿನ ಯಾರು ನೋಡಿಕೊಳ್ಳೋದು ಅಂತ ಮೊದಲೇ ಯೋಚಿಸಿ.

ಊಟಕ್ಕೆ ಬಂದರೆ, ಮೀನು ತಿನ್ನುವವರಿಗೆ ಸ್ವರ್ಗ. ಆದರೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ನಿಷೇಧ, ಆಗ ಬಂಗುಡೆಗೂ ಬಂಗಾರದ ರೇಟು. ಮುದ್ದೆ ತಿನ್ನುವವರು ರಾಗಿ ಹಿಟ್ಟು ಊರಿಂದ ತಂದುಕೊಳ್ಳಿ. ಇಲ್ಲಿ ಸಿಗಲ್ಲ ಅಂತಲ್ಲ, ಚಿಕ್ಕ ಪ್ಯಾಕೆಟ್ಟಿನಲ್ಲಿ ಸಿಗುತ್ತೆ, ಮಗುವಿಗೆ ಮಣ್ಣಿ ಮಾಡೋಕೆ ಅನ್ನುವ ಹಾಗೆ. ಅತ್ತೆಗೆ ಅದೊಂದು ದೊಡ್ಡ ಕೊರಗು.

ಜಾಗ ಕೊಳ್ಳುವ ಆಸೆ ಇದ್ದವರು ಒಂದು ಮಳೆಗಾಲ, ಒಂದು ಬೇಸಿಗೆ ಬಾಡಿಗೆಗೆ ಇದ್ದ ಮೇಲೆ ಕೈ ಹಾಕಿ. ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು ಅಂತ 2020ರಲ್ಲಿ ಕಾನೂನು ಬದಲಾಯಿತು, ನಿಜ. ಆದರೆ ಇಲ್ಲಿನ ಜಾಗದ ವಿಷಯವೇ ಬೇರೆ. ಕುಂದಾಪುರ ಕಡೆ "ಒಂದು ಎಕರೆ" ಅಂತ ಬೇಲಿ ತೋರಿಸುತ್ತಾರೆ. ಅದರಲ್ಲಿ ವರ್ಗ ಜಾಗ (ಪಟ್ಟಾ ಇರುವ ಸ್ವಂತ ಜಾಗ) ಎಷ್ಟು, ಕುಮ್ಕಿ ಎಷ್ಟು ಅಂತ ಕೇಳಿ. ಕುಮ್ಕಿ ಸರ್ಕಾರದ ಜಾಗ, ಪಕ್ಕದ ವರ್ಗದಾರರಿಗೆ ಸೊಪ್ಪು ಸೌದೆಯ ಸವಲತ್ತು ಅಷ್ಟೇ, ಮಾರೋಕೆ ಬರಲ್ಲ. ಉತ್ತರ ಕನ್ನಡದಲ್ಲಾದರೆ ಬೆಟ್ಟ ಜಾಗ (ತೋಟದವರಿಗೆ ಸೊಪ್ಪು ತೆಗೆಯೋಕೆ ಬಿಟ್ಟಿರುವ ಸರ್ಕಾರಿ ಜಾಗ), ಅರಣ್ಯ ಅತಿಕ್ರಮಣ ನೋಡಿಕೊಳ್ಳಬೇಕು. ಕಡಲಿನ ಉಬ್ಬರದ ಗೆರೆಯಿಂದ 500 ಮೀಟರ್ ಒಳಗೆ, ಉಪ್ಪು ನೀರು ಏರುವ ಹೊಳೆಗಳ ದಂಡೆಯಲ್ಲೂ ಕಟ್ಟಡ ಕಟ್ಟೋದನ್ನು ನಿಯಂತ್ರಿಸುವ ಸಿಆರ್‌ಝಡ್ ನಿಯಮ ಇದೆ. "ಪಕ್ಕದವರು ಕಟ್ಟಿದ್ದಾರಲ್ಲ" ಅನ್ನುವ ಉತ್ತರ ಸಾಲದು, ಆರ್‌ಟಿಸಿ, ಕನ್ವರ್ಷನ್, ಪಂಚಾಯಿತಿಯ 9/11 ನಮೂನೆ ಎಲ್ಲ ಊರಿನ ವಕೀಲರಿಗೇ ತೋರಿಸಿ, ಬೆಂಗಳೂರಿನ ವಕೀಲರಿಗಲ್ಲ.

ಸಾಮಾನು ಸಾಗಿಸೋದು ಮೇ ಹದಿನೈದರೊಳಗೆ ಮುಗಿಸಿ. ಶಾಲೆ ಶುರುವಾಗುವ ಹೊತ್ತಿಗೇ ಮಳೆಯೂ ಶುರು, ಆಮೇಲೆ ಘಾಟಿಯಲ್ಲಿ ಯಾವ ದಿನ ಲಾರಿ ತಡೆಯುತ್ತಾರೆ ಅಂತ ಹೇಳೋಕಾಗಲ್ಲ. ಆಗುಂಬೆ ದಾರಿಯಂತೂ ದೊಡ್ಡ ಲಾರಿಗೆ ಆಗಲ್ಲ, ಶಿರಾಡಿ ಮೇಲೆಯೇ ಕಳಿಸಿ. ಪ್ಲೈವುಡ್ ಬೀರು ಇದ್ದರೆ ಅಲ್ಲೇ ಮಾರಿಬಿಡಿ, ಬೆಂಗಳೂರಿನ ಪ್ಲೈವುಡ್ ಇಲ್ಲಿನ ಮೊದಲ ಮಳೆಗೇ ಉಬ್ಬುತ್ತೆ. ಟಿಸಿ ಏಪ್ರಿಲ್‌ನಲ್ಲೇ ತೆಗೆದಿಟ್ಟುಕೊಳ್ಳಿ. ಅತ್ತೆಯ ಹಳೇ ಆಂಜಿಯೋ ಸಿಡಿ, ಡಿಸ್ಚಾರ್ಜ್ ಸಮ್ಮರಿ ಮಾತ್ರ ಲಾರಿಗೆ ಹಾಕದೆ ನಾವು ಕೈಯಲ್ಲೇ ತಂದೆವು, ಹೊಸ ಡಾಕ್ಟರ್ ಮೊದಲು ಕೇಳಿದ್ದೇ ಅವನ್ನ.