ಕುದುರೆಮುಖದ ಖಾಲಿ ಮನೆಗಳು

ಬಜಗೋಳಿ ದಾಟಿ ಮಾಳದ ಗೇಟಿಗೆ ಬಂದಾಗ ಮಂಜು ಇಳಿದಿತ್ತು. ಗಾಡಿ ನಂಬರ್ ಬರೆದುಕೊಂಡು, ಕಾಡಿನಲ್ಲಿ ಎಲ್ಲೂ ನಿಲ್ಲಿಸಬೇಡಿ ಎಂದರು. ಎಸ್.ಕೆ. (ಸೌತ್ ಕೆನರಾ) ಬಾರ್ಡರ್ ದಾಟಿದ ಮೇಲೆ ಒಂದು ತಿರುವಿನಲ್ಲಿ ಮರದ ತುದಿ ಅಲ್ಲಾಡಿತು. ಸಿಂಗಳೀಕ! ಕಪ್ಪು ಮೈ, ಮುಖದ ಸುತ್ತ ಬೂದು ಕೇಸರ, ಬಾಲದ ತುದಿಗೆ ಕುಚ್ಚು. ಪಶ್ಚಿಮ ಘಟ್ಟ ಬಿಟ್ಟರೆ ಬೇರೆ ಯಾವ ಕಾಡಲ್ಲೂ ಇದು ಇಲ್ಲ. ನೆಲಕ್ಕೆ ಇಳಿಯುವುದೇ ಅಪರೂಪ. ಕೊಂಬೆಗೆ ಕೊಂಬೆ ತಾಗಿಕೊಂಡಿರುವ ದಟ್ಟ ಕಾಡೇ ಅದರ ದಾರಿ. ನಡುವೆ ಕಡಿದರೆ ಅದು ಹೋಗುವುದೆಲ್ಲಿಗೆ?

ಕುದುರೆಮುಖದಲ್ಲಿ ಜಿಟಿಜಿಟಿ ಮಳೆ. ಸಾಲು ಸಾಲು ಕ್ವಾರ್ಟರ್ಸ್, ಎಷ್ಟೋ ಮನೆಗಳಿಗೆ ಬಾಗಿಲಿಲ್ಲ. ಗೋಡೆಗೆಲ್ಲ ಪಾಚಿ. ಒಂದು ಅಂಗಳದಲ್ಲಿ ಯಾರೋ ನೆಟ್ಟ ದಾಸವಾಳ ಮಾತ್ರ ಹೂ ತುಂಬಿಕೊಂಡಿತ್ತು. ತುಂಬಾ ಹೊತ್ತು ಅಲ್ಲೇ ನಿಂತೆ.

1976ರಲ್ಲಿ ಶುರುವಾದ ಕಬ್ಬಿಣದ ಅದಿರಿನ ಕಂಪನಿಯಿಂದ ಬೆಳೆದ ಊರಿದು. ಅದಿರನ್ನು ನೀರಲ್ಲಿ ಕಲಸಿ, 67 ಕಿ.ಮೀ. ಪೈಪಿನಲ್ಲಿ ಮಂಗಳೂರಿಗೆ ಹರಿಸುತ್ತಿದ್ದರು. 1987ರಲ್ಲಿ ಸುತ್ತಲ ಕಾಡು ರಾಷ್ಟ್ರೀಯ ಉದ್ಯಾನವಾಯಿತು. 2002ರಲ್ಲಿ ಗಣಿ ನಿಲ್ಲಿಸಬೇಕೆಂದು ಸುಪ್ರೀಂ ಕೋರ್ಟ್ ತೀರ್ಪು ಬಂತು. 2005ರ ಕೊನೆಗೆ ಗಣಿ ನಿಂತಿತು.

ಸಣ್ಣ ಹೋಟೆಲೊಂದರಲ್ಲಿ ಬನ್ಸ್ ತಿನ್ನುತ್ತಾ ಮಾತಿಗೆ ಕೂತೆವು. "ಕಾಯಂ ನೌಕರರಿಗೆ ಮಂಗಳೂರಲ್ಲಿ ಏನೋ ದಾರಿ ಆಯ್ತು ಮಾರಾಯ್ರೆ. ಗುತ್ತಿಗೆಯವರು, ತರಕಾರಿ ಮಾರ್ತಿದ್ದವರು, ನಮ್ಮಂಥವರು... ನಮ್ಮನ್ನು ಯಾರು ಕೇಳಿದ್ರು?" ಎಂದರು ಹೋಟೆಲಿನವರು.

"ಹಾಗಾದ್ರೆ ಗಣಿ ಇರಬೇಕಿತ್ತಾ ಅಣ್ಣ?"

"ಛೆ, ಇಲ್ಲ. ಭದ್ರೆ ಕೆಂಪಾಗಿ ಹರಿದದ್ದನ್ನು ಕಣ್ಣಾರೆ ನೋಡಿದ್ದೇನೆ. ಈಗ ತಳದ ಕಲ್ಲು ಕಾಣ್ತದೆ."

ಗಣಿ ನಿಂತದ್ದು ಸರಿ. ಇದರಲ್ಲಿ ನನಗೆ ಸಂಶಯವಿಲ್ಲ. ತುಂಗೆ, ಭದ್ರೆ, ನೇತ್ರಾವತಿ ಮೂವರೂ ಹುಟ್ಟುವ ಗಂಗಾಮೂಲ ಇಲ್ಲೇ ಇದೆ. ಇಲ್ಲಿಯ ಗುಡ್ಡ ಕರಗಿದರೆ ದೂರದ ಗದ್ದೆಗಳೂ ಅನುಭವಿಸಬೇಕು. ಆದರೆ ತೀರ್ಪಿಗೂ ಗಣಿ ನಿಲ್ಲುವುದಕ್ಕೂ ನಡುವೆ ಮೂರು ವರ್ಷ ಇತ್ತಲ್ವಾ? ಉಳಿದ ಅದಿರು ತೆಗೆಯಲು ಸಮಯ ಸಿಕ್ಕಿತು. ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದವರ ನಾಳೆಯ ಬಗ್ಗೆ ಕೂತು ಯೋಚಿಸಲೂ ಅದೇ ಸಮಯ ಸಾಕಾಗುತ್ತಿತ್ತು. ಕಾಡು ಉಳಿಸುವ ಖರ್ಚಿನಲ್ಲಿ ಇವರ ಪಾಲಿನದ್ದೂ ಸೇರಬೇಕಿತ್ತು. ಸಿಂಗಳೀಕ ಕಂಡು ಖುಷಿಪಟ್ಟ ನನ್ನಂಥವರೇ ಇದನ್ನು ಮೊದಲು ಕೇಳಬೇಕು.

ಮಧ್ಯಾಹ್ನ ಕಳಸದ ಕಡೆಯಿಂದ ಬಸ್ಸು ಬಂತು. ಇಳಿದವರು ಇಬ್ಬರೇ. ಹೋಟೆಲಿನವರು ಎದ್ದು ಮತ್ತೆ ಒಲೆ ಹಚ್ಚಿದರು.